ಇಷಾಪುರದ ಲೀ-ಎನ್‌ಫೀಲ್ಡ್ ರೈಫಲ್‌ಗಳ ಸಂಗ್ರಹ: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಸೋಮವಾರಪೇಟೆಯವ (ಪೆನ್ಸಿಲ್ವೇನಿಯಾ)

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಕೊಡಗಿನವನು. ಈಗ ಗ್ರೀನ್ ಕಾರ್ಡ್ ಪಡೆದು ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ಎನ್‌ಸಿಸಿಯಲ್ಲಿ ಹೆಗಲಿಗೇರಿಸಿದ ತ್ರೀ ನಾಟ್ ತ್ರೀ (.303) ರೈಫಲ್ಲಿನ ಮೇಲಿನ ಅಕ್ಕರೆ ಇನ್ನೂ ಹಾಗೆಯೇ ಇರುವುದರಿಂದ, ಹಳೆಯ ಸೇನಾ ರೈಫಲ್‌ಗಳ ಒಂದು ಸಣ್ಣ ಸಂಗ್ರಹವನ್ನು ಕಟ್ಟಬೇಕೆಂದಿದ್ದೇನೆ. ಜರ್ಮನಿಯ ಮೌಸರ್, ರಷ್ಯದ ಮೋಸಿನ್-ನಾಗಂಟ್, ಅಮೆರಿಕದ ಎಂ1 ಗ್ಯಾರಂಡ್ ಎಲ್ಲವೂ ಮನಸ್ಸನ್ನು ಸೆಳೆಯುತ್ತವೆ. ದೇಶಕ್ಕೊಂದರಂತೆ ಕೊಳ್ಳುವುದು ಒಳ್ಳೆಯದೋ, ಒಂದೇ ವಂಶದ ರೈಫಲ್‌ಗಳನ್ನು ಹಿಡಿದು ಹೋಗುವುದು ಒಳ್ಳೆಯದೋ? ಬಿಡಿಭಾಗಗಳ ನಂಬರುಗಳೆಲ್ಲ ಒಂದೇ ಇರಬೇಕೆಂಬ ಪಟ್ಟು ಎಷ್ಟರ ಮಟ್ಟಿಗೆ ಸರಿ? ಮುಂದೆ ಊರಿಗೆ ಮರಳುವುದಾದರೆ ಇವನ್ನು ಜೊತೆಗೆ ತರಬಹುದೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹಳೇ ಕೋವಿ (ಓಹಾಯೋ)

ನಮಸ್ಕಾರ. ದೇಶಕ್ಕೊಂದರಂತೆ ಕೊಂಡರೆ ಗೋಡೆ ತುಂಬುತ್ತದೆ, ಆದರೆ ಯಾವುದನ್ನೂ ಆಳವಾಗಿ ತಿಳಿದಂತಾಗುವುದಿಲ್ಲ. ನಿಮ್ಮ ಅಕ್ಕರೆ ತ್ರೀ ನಾಟ್ ತ್ರೀಯ ಮೇಲಿರುವಾಗ ಅದು ಸೇರಿದ ಲೀ-ಎನ್‌ಫೀಲ್ಡ್ ವಂಶವನ್ನೇ ಹಿಡಿಯಿರಿ. ಅದರಲ್ಲೂ ಕಲ್ಕತ್ತದ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯಲ್ಲಿರುವ ಇಷಾಪುರದ ಕಾರ್ಖಾನೆಯ ರೈಫಲ್‌ಗಳನ್ನೇ ಕೇಂದ್ರವಾಗಿಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಹಳೆಯ ಮದ್ದಿನ ಕಾರ್ಖಾನೆಯ ಜಾಗದಲ್ಲಿ 1904ರಲ್ಲಿ ಆರಂಭವಾದ ಆ ಕಾರ್ಖಾನೆಯ ಕೆಲಸವನ್ನು ಇಲ್ಲಿನ ಸಂಗ್ರಾಹಕರು ಬಹುಕಾಲ ಎರಡನೇ ದರ್ಜೆಯದೆಂದು ಕಡೆಗಣಿಸಿದ್ದಾರೆ. ಆ ತೀರ್ಮಾನ ನ್ಯಾಯವಾದದ್ದೆಂದು ನನಗೆ ಅನ್ನಿಸಿಲ್ಲ.

ರೈಫಲ್ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಬೋಲ್ಟಿನ (ಗುಂಡು ತುಂಬಲು ಹಿಂದೆ ಎಳೆದು ಮುಂದೆ ತಳ್ಳುವ ಭಾಗದ) ಹಿಡಿಯ ಕೆಳಗೆ, ಹಿಂಬದಿಯ ಮರ ಬಂದು ಸೇರುವ ಉಕ್ಕಿನ ಪಟ್ಟಿಯ ಬಲಬದಿಯನ್ನು. ಬ್ರಿಟಿಷರ ಕಾಲದ ಇಷಾಪುರದ ರೈಫಲ್ಲಿನಲ್ಲಿ ಅಲ್ಲಿ ಕಿರೀಟ, ಅದರ ಕೆಳಗೆ ಜಿ.ಆರ್. ಅಥವಾ ಜಿ.ಆರ್.ಐ. ಎಂಬ (ಜಾರ್ಜ್ ದೊರೆಯನ್ನು ಸೂಚಿಸುವ) ಅಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ ಮತ್ತು ಮಾದರಿ ಕೊರೆದಿರುತ್ತವೆ. ಸ್ವಾತಂತ್ರ್ಯಾನಂತರದವುಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದಿವೆ, ಜೊತೆಗೆ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಷಾಪುರ) ಎಂದಿರುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡರೆ ನಿಮ್ಮ ಸಂಗ್ರಹಕ್ಕೆ ಬೆನ್ನೆಲುಬು ಸಿಕ್ಕಂತೆಯೇ ಸರಿ. ಮೂರನೆಯದಾಗಿ, 1962ರ ಚೀನಾ ಯುದ್ಧದ ನಂತರ 7.62 ಮಿ.ಮೀ. ಕಾಡತೂಸಿಗೆಂದೇ ಹೊಸದಾಗಿ ತಯಾರಿಸಿದ 2ಎ ಅಥವಾ 2ಎ1 ಮಾದರಿಯನ್ನು ಹುಡುಕಿ. ಅದರ ಚೌಕಾಕಾರದ ಮ್ಯಾಗಜೀನ್ ದೂರದಿಂದಲೇ ಗುರುತು ಸಿಗುತ್ತದೆ. ಗುರಿ ಹಿಡಿಯುವ ಹಿಂಬದಿಯ ಸೈಟಿನಲ್ಲಿ ದೂರದ ಅಂಕಗಳು 2000ದವರೆಗೆ ಇದ್ದರೆ 2ಎ, 800ಕ್ಕೆ ನಿಂತಿದ್ದರೆ 2ಎ1.

ಗ್ರೆನೇಡ್ ಹಾರಿಸಲೆಂದು ಮುಂಬದಿಯ ಮರಕ್ಕೆ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ ಬೆಸುಗೆ ಹಾಕಿದ ರೈಫಲ್‌ಗಳೂ, ಪೊಲೀಸರಿಗೂ ಕಾವಲುಗಾರರಿಗೂ ಕೊಡಲು ನಳಿಗೆಯನ್ನು .410 ಬೋರಿಗೆ (ಒಳವ್ಯಾಸಕ್ಕೆ) ಕೊರೆದು ಒಂದೇ ಗುಂಡಿನದಾಗಿ ಮಾಡಿದ ಮಸ್ಕೆಟ್‌ಗಳೂ ಇವೆ. ನೋಡಲು ಒರಟಾದರೂ ಭಾರತದ ಕಥೆಯನ್ನು ಹೇಳುವುದರಲ್ಲಿ ಇವುಗಳಿಗೆ ಸಾಟಿಯಿಲ್ಲ.

ಕಾನೂನಿನ ಮಾತು: 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಬಂದೂಕುಗಳನ್ನು ಸಂಗ್ರಹಿಸುವವರಿಗೆಂದೇ ಅಮೆರಿಕದಲ್ಲಿ ಬಂದೂಕು ಕಾನೂನು ನೋಡಿಕೊಳ್ಳುವ ಎಟಿಎಫ್ ಇಲಾಖೆ ಮೂರು ವರ್ಷಕ್ಕೆ 30 ಡಾಲರ್ ಶುಲ್ಕದ ಪರವಾನಗಿ ಕೊಡುತ್ತದೆ. ಕೊಂಡದ್ದು, ಕೊಟ್ಟದ್ದು ಎಲ್ಲವನ್ನೂ ದಿನಾಂಕ ಮತ್ತು ಸೀರಿಯಲ್ ನಂಬರಿನೊಂದಿಗೆ ಪುಸ್ತಕದಲ್ಲಿ ಬರೆದಿಡುವುದು ಕಡ್ಡಾಯ. ವ್ಯಾಪಾರಕ್ಕೆ ಅದು ಸಲ್ಲದು. ಗ್ರೀನ್ ಕಾರ್ಡ್ ಇರುವುದರಿಂದ ನಿಮಗೆ ತೊಡಕಿಲ್ಲ. ಆದರೆ ಎಚ್1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ಗಮನಿಸಬೇಕು: ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು, ಬಂದೂಕು ಇಟ್ಟುಕೊಳ್ಳುವುದೇ ಅವರಿಗೆ ಅಪರಾಧ.

ನಂಬರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬ್ಯಾರೆಲ್, ಬೋಲ್ಟಿನ ಹಿಡಿಯ ಹಿಂಬದಿ, ಮುಂತುದಿಯ ಲೋಹದ ಮೂತಿ, ಮುಂಬದಿಯ ಮರದ ಅಡಿ, ಸೈಟು ಇಷ್ಟರಲ್ಲೂ ಒಂದೇ ನಂಬರು ಇಲ್ಲದ ರೈಫಲ್ಲಿಗೆ ಹೆಚ್ಚು ಬೆಲೆ ಕೊಡಬೇಡಿ.

ಉತ್ತರ: ರೇಂಜ್ ಮಾಸ್ತರ (ಮೆಲ್ಬರ್ನ್)

ಹಿರಿಯರ ಮಾತನ್ನು ಗೌರವಿಸುತ್ತಲೇ ಕೊನೆಯ ಅಂಶಕ್ಕೆ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಇಂಗ್ಲೆಂಡಿನಲ್ಲೋ ಆಸ್ಟ್ರೇಲಿಯದ ಲಿತ್ಗೋದಲ್ಲೋ ತಯಾರಾಗಿ ಭಾರತಕ್ಕೆ ಬಂದು, ದಶಕಗಟ್ಟಲೆ ದುಡಿದು, ವರ್ಕ್‌ಶಾಪಿನಲ್ಲಿ ಬ್ಯಾರೆಲ್ಲನ್ನೋ ಮರವನ್ನೋ ಬದಲಾಯಿಸಿಕೊಂಡು ಮತ್ತೆ ಸೇವೆಗೆ ಮರಳಿದ ರೈಫಲ್ಲಿನಲ್ಲಿ ಹಳೆಯ ನಂಬರನ್ನು ಹೊಡೆದುಹಾಕಿ ಹೊಸದನ್ನು ಕೊರೆದಿರುವುದು ಅದರ ಸೇವೆಯ ದಾಖಲೆಯೇ ಹೊರತು ದೋಷವಲ್ಲ. ಮುಂಬದಿಯ ಮರ ಸೀಳದಂತೆ ಅಡ್ಡಲಾಗಿ ಹಾಕಿದ ಸ್ಕ್ರೂ ಭಾರತದ ಸೇವೆಗೆ ಒಳ್ಳೆಯ ಸಾಕ್ಷಿ. ಅದನ್ನು ಕಿತ್ತು ರಂಧ್ರ ಮುಚ್ಚಿಸಿದವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಬೇಟೆಗೆಂದು ಮರ ಕತ್ತರಿಸಿದ ರೈಫಲ್, ಮರಳು ಕಾಗದದಿಂದ ಉಜ್ಜಿ ವಾರ್ನಿಷ್ ಬಳಿದ ರೈಫಲ್ ಇವುಗಳನ್ನು ದೂರವಿಡಿ. ಒಣಗಿದ ಮರಕ್ಕೆ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ತಿಕ್ಕಿದರೆ ಸಾಕು.

ಗುಂಡು ಹಾರಿಸುವ ಆಸೆಯಿದ್ದರೆ ಅನುಭವಿ ಗನ್‌ಸ್ಮಿತ್ತಿಗೆ ತೋರಿಸದೆ ಹಾರಿಸಲೇಬೇಡಿ. ಡಿ.ಪಿ. ಎಂಬ ಗುರುತಿದ್ದರೆ ಅದು ಕವಾಯತಿಗೆ ಮಾತ್ರ ಇಟ್ಟದ್ದು. ಅದರಲ್ಲಿ ಎಂದಿಗೂ ಗುಂಡು ಹಾಕಬಾರದು. 2ಎ ರೈಫಲ್ಲಿಗೆ ಅದರ 7.62 ಕಾಡತೂಸನ್ನೇ ಹೋಲುವ ಅಂಗಡಿಯ .308 ಕಾಡತೂಸು ಹೊಂದಿಕೊಂಡರೂ ಕೆಲವದರ ಒತ್ತಡ ಹೆಚ್ಚಿರುವುದರಿಂದ ನಾನು ಅದನ್ನು ಬಳಸುವುದಿಲ್ಲ. ಹಳೆಯ ಸೇನಾ .303 ಕಾಡತೂಸಿನ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಬುಡದ ಭಾಗ) ನಳಿಗೆಯೊಳಗೆ ಉಪ್ಪನ್ನು ಬಿಡುತ್ತದೆ, ಆ ಉಪ್ಪು ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲವಾದ್ದರಿಂದ ಮೊದಲು ಕುದಿಯುವ ನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು.

ಉತ್ತರ: ಕಾನೂನು ಮಿತ್ರ (ಬೆಂಗಳೂರು)

ಊರಿಗೆ ತರುವ ಆಲೋಚನೆಯನ್ನು ಈಗಲೇ ಕೈಬಿಡಿ. .303 ಮತ್ತು 7.62 ಎರಡೂ ಇಲ್ಲಿ ನಿಷೇಧಿತ ಬೋರುಗಳು. ಸಾಮಾನ್ಯ ಪರವಾನಗಿ ಅವಕ್ಕೆ ಸಿಗುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯೂ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೊಡಗಿನೊಳಗಿನ ಕೋವಿಗೆ ಸಂಬಂಧಿಸಿದ್ದು. ವಿದೇಶದಿಂದ ಸೇನಾ ರೈಫಲ್ ತರಲು ಅದು ದಾರಿಯಾಗುವುದಿಲ್ಲ.

ಪ್ರಶ್ನಿಸಿದವರು: ಸೋಮವಾರಪೇಟೆಯವ

ಎಲ್ಲರಿಗೂ ಕೃತಜ್ಞತೆಗಳು. ಇಷಾಪುರವೇ ನನ್ನ ವಿಷಯವೆಂದು ನಿರ್ಧರಿಸಿದೆ. ಇಲ್ಲೊಬ್ಬರ ಬಳಿ 1942ರ ರೈಫಲ್ ಇದೆ, ಹೊರಗಿನಿಂದ ಚೆನ್ನಾಗಿದೆ. ಮರದೊಳಗಿನ ಬ್ಯಾರೆಲ್ಲಿನ ಸ್ಥಿತಿಯನ್ನು ಹೇಗೆ ನೋಡುವುದು?

ಉತ್ತರ: ಹಳೇ ಕೋವಿ

ಮಾರುವವರ ಒಪ್ಪಿಗೆ ಪಡೆದು, ಮೊದಲು ರೈಫಲ್ ಖಾಲಿಯಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಮುಂಬದಿಯ ಮರವನ್ನು ಬಿಚ್ಚಿಸಿ ನೋಡಿ. ತುಕ್ಕು ಕುಳಿ ಬೀಳುವುದು ಹೆಚ್ಚಾಗಿ ಆ ಮರದಡಿಯಲ್ಲೇ. ಒಂದು ಎಚ್ಚರಿಕೆ: ಮುಂಬದಿಯ ಮರವನ್ನು ತೆಗೆಯುವ ಮುನ್ನ ಹಿಂಬದಿಯ ಮರವನ್ನು ಬಿಗಿದಿರುವ ಉದ್ದನೆಯ ತಿರುಪು ಬೋಲ್ಟನ್ನು ತಿರುಗಿಸಬಾರದು. ಆ ಬೋಲ್ಟಿನ ಚೌಕನೆಯ ತುದಿ ಮುಂಬದಿಯ ಮರದೊಳಗಿನ ತಗಡಿನಲ್ಲಿ ಸಿಕ್ಕಿಕೊಂಡಿರುವುದರಿಂದ, ತಿರುಗಿಸಿದೊಡನೆ ಮರ ಸೀಳುತ್ತದೆ. ನಂಬರಿನ ಬಗ್ಗೆ ಮೆಲ್ಬರ್ನಿನ ಮಿತ್ರರು ಹೇಳಿದ್ದು ಭಾರತದಲ್ಲೇ ರಿಪೇರಿಯಾದ ರೈಫಲ್‌ಗಳ ಮಟ್ಟಿಗೆ ಒಪ್ಪತಕ್ಕದ್ದು. ಆದರೆ ಗುಂಡು ತುಂಬುವ ಬೋಲ್ಟಿನ ನಂಬರು ಬೇರೆಯಿದ್ದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಕಾಡತೂಸು ಕೂರುವ ಜಾಗಕ್ಕೂ ನಡುವಿನ ಅಂತರ) ಅಳತೆಯನ್ನು ಗೇಜಿನಿಂದ ಪರೀಕ್ಷಿಸಿದ ಮೇಲೆಯೇ ದರ ಮಾತನಾಡಿ.