ಪವರ್ ಸ್ಟೀರಿಂಗ್ ಆಯಿಲ್ ಮನೆಯಲ್ಲೇ ಬದಲಾಯಿಸಿದವರು ಇದ್ದೀರಾ?

ದಾವಣಗೆರೆ ಬೆಣ್ಣೆ:
ಎಲ್ಲರಿಗೂ ನಮಸ್ಕಾರ. ನನ್ನದು 2012ರ ಇನ್ನೋವಾ ಡೀಸೆಲ್, 1.8 ಲಕ್ಷ ಕಿ.ಮೀ. ಓಡಿದೆ. ಸ್ಟೀರಿಂಗ್ ಆಯಿಲ್ ಬದಲಾಯಿಸಿದ್ದು ಯಾವ ಬಿಲ್ಲಿನಲ್ಲೂ ಕಾಣಲಿಲ್ಲ. ಬೆಳಿಗ್ಗೆ ಮೊದಲ ಸಲ ತಿರುಗಿಸುವಾಗ ‘ಕುಂಯ್’ ಅನ್ನುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಬಾನೆಟ್ ಕೆಳಗಿನ ಸ್ಟೀರಿಂಗ್ ಆಯಿಲ್ ಬಾಟಲಿಯಲ್ಲಿ ನೋಡಿದರೆ ಆಯಿಲ್ ಕಪ್ಪಗಿದೆ. ಲೀಕ್ ಏನೂ ಇಲ್ಲ. ಗ್ಯಾರೇಜ್‌ನಲ್ಲಿ 3,200 ಹೇಳಿದರು. ಸಿರಿಂಜ್‌ನಲ್ಲಿ ಎಳೆದರೆ ಸಾಕಾ, ಬಾಟಲಿಗೆ ಆಯಿಲ್ ವಾಪಸ್ ತರುವ ರಿಟರ್ನ್ ಪೈಪ್ ಬಿಚ್ಚಲೇಬೇಕಾ? ಮಾಡಿದವರು ನಿಮ್ಮ ಅನುಭವ ಹೇಳಿ.

ತಿಪಟೂರು ಕಾಯಿ:
ಧೈರ್ಯವಾಗಿ ಮಾಡಿ ಸಾರ್. ನಮ್ಮನೆಯಲ್ಲಿ ಇನ್ನೂ ಕ್ವಾಲಿಸ್ ಇದೆ, ಅಪ್ಪ ಮಾರಲು ಬಿಡಲ್ಲ. ಅದರ ಸ್ಟೀರಿಂಗ್ ಆಯಿಲ್‌ಗೆ ನನ್ನ ಕೈ ಬಿಟ್ಟು ಬೇರೆಯವರ ಕೈ ಸೋಕಿಲ್ಲ. ಪಶು ಔಷಧಿ ಅಂಗಡಿಯಲ್ಲಿ ದನಕ್ಕೆ ಚುಚ್ಚುವ ದೊಡ್ಡ ಸಿರಿಂಜ್ ಸಿಗುತ್ತದೆ, 70 ರೂಪಾಯಿ. ಕೆಲವರು ಅದಕ್ಕೆ ಡ್ರಿಪ್ ಪೈಪ್ ಸಿಕ್ಕಿಸುತ್ತಾರೆ. ಅದು ತುಂಬಾ ಸಣ್ಣ, ಆಯಿಲ್ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪ್ ತಗೊಳ್ಳಿ, ಮೀಟರ್‌ಗೆ 15 ರೂಪಾಯಿ. ಡೆಕ್ಸ್‌ರಾನ್ 3 ಎಟಿಎಫ್ (ಕೆಂಪು ಬಣ್ಣದ ಆಟೋಮ್ಯಾಟಿಕ್ ಗೇರ್ ಆಯಿಲ್) ಲೀಟರ್‌ಗೆ 480ರಂತೆ ಎರಡು ಲೀಟರ್, 960. ಒಟ್ಟು 1,045. ಹಳೇ ಬನಿಯನ್ ಪುಕ್ಕಟೆ.

ಎಳೆಯಿರಿ, ತುಂಬಿಸಿ, ಸ್ಟಾರ್ಟ್ ಮಾಡಿ ಎಡಕ್ಕೂ ಬಲಕ್ಕೂ ತಿರುಗಿಸಿ. ನಾಲ್ಕು ದಿನ ಓಡಿಸಿ ಮತ್ತೆ ಅದೇ ಕೆಲಸ. ಬಿಳಿ ಬಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟರೆ ಕೆಂಪಗೆ ಕಾಣುವವರೆಗೆ ಮಾಡುತ್ತಿರಬೇಕು. ನಮ್ಮದು ಮೊದಲ ಸಲ ಎಳೆದಾಗ ಕಾಫಿ ಡಿಕಾಕ್ಷನ್ನೇ ಬಂದಿತ್ತು. ಈಗ ಅಮ್ಮ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾರೆ.

ಸಾಗರ ಸುಬ್ಬು:
ಮನೆಯಲ್ಲಿ ಮಾಡಿ, ಗ್ಯಾರೇಜಲ್ಲಿ ಮಾಡಿಸಿ, ಅದು ನಿಮ್ಮಿಷ್ಟ. ಆದರೆ ಕ್ಲಿಪ್ ನೋಡಿಕೊಳ್ಳಿ. ನನ್ನ ಕಥೆ ಕೇಳಿ. ಉಡುಪಿಯಲ್ಲಿ ಮದುವೆ ಅಂತ ಹೊರಡುವ ಹಿಂದಿನ ದಿನ ಗ್ಯಾರೇಜಲ್ಲಿ ಆಯಿಲ್ ಬದಲಾವಣೆ ಮಾಡಿಸಿದೆ. ಆ ಪುಣ್ಯಾತ್ಮ ರಿಟರ್ನ್ ಪೈಪಿನ ಸ್ಪ್ರಿಂಗ್ ಕ್ಲಿಪ್ಪನ್ನು ಪೈಪಿನ ಕುತ್ತಿಗೆಗೆ ತರದೆ ಅರ್ಧಕ್ಕೇ ಬಿಟ್ಟಿದ್ದ. ಆಗುಂಬೆ ಘಾಟಿ ಇಳಿಯುತ್ತಿದ್ದೆ, 14 ಹೇರ್‌ಪಿನ್ ತಿರುವು. ಮೇಲಿನ ಎರಡು ಮೂರು ಚೆನ್ನಾಗೇ ಆಯಿತು. ಆಮೇಲೆ ಪಂಪ್ ನರಳಲು ಶುರು. ಮುಂದಿನ ತಿರುವಿಗೆ ಸ್ಟೀರಿಂಗ್ ಕಲ್ಲಾಗಿತ್ತು. ತಿರುಗಲ್ಲ ಅಂತ ಅಲ್ಲ, ತಿರುಗುತ್ತದೆ, ಆದರೆ ಎರಡೂ ಕೈಯಲ್ಲಿ ಎಳೆಯಬೇಕು. ಎದುರಿಗೆ ಬಸ್ಸು. ಹಿಂದೆ ಅತ್ತೆ ‘ಶ್ರೀರಾಮ ಶ್ರೀರಾಮ’.

ಘಾಟಿ ಕೆಳಗಿನ ಸೋಮೇಶ್ವರದಿಂದ ಉಡುಪಿಗೆ ಟೋ 4,500. ಒಣಗಿ ತಿರುಗಿದ್ದಕ್ಕೆ ಪಂಪ್ ಹೋಯಿತು, 11,800. ಕೂಲಿ 1,500. ಆಯಿಲ್ 1,040. ಹೊಸ ಕ್ಲಿಪ್ 20. ಒಟ್ಟು 18,860 ರೂಪಾಯಿ, ಇಪ್ಪತ್ತು ರೂಪಾಯಿಯ ಕ್ಲಿಪ್ಪಿಗೆ! ಮುಹೂರ್ತ ತಪ್ಪಿತು. ಹೆಂಡತಿ ಕಡೆಯವರು ಇವತ್ತಿಗೂ ಊಟಕ್ಕೆ ಕೂತಾಗ ಅದನ್ನೇ ಎತ್ತುತ್ತಾರೆ. ಗ್ಯಾರೇಜಿನವನು ಮಾತ್ರ ‘ಪೈಪ್ ಹಳೇದು ಸಾರ್’ ಅಂದ. ಪೈಪ್ ಈಗಲೂ ಅದೇ ಇದೆ.

ಮೈಸೂರು ಲೆಕ್ಕಿಗ:
ತಿಪಟೂರಿನವರೇ, ಸಿರಿಂಜ್‌ನಲ್ಲಿ ಬರುವುದು ಬಾಟಲಿಯಲ್ಲಿರುವುದು ಮಾತ್ರ. ರ್‍ಯಾಕ್ (ಗಾಲಿ ತಿರುಗಿಸುವ ಭಾಗ), ಪಂಪ್, ಪೈಪಿನಲ್ಲಿರುವ ಕೊಳೆ ಅಲ್ಲೇ ಇರುತ್ತದೆ. ಒಂದು ಲೀಟರ್ ಸಿಸ್ಟಂನಲ್ಲಿ ಒಂದು ಸಲಕ್ಕೆ 400 ಎಂ.ಎಲ್. ತೆಗೆದರೆ ಹಳೆಯದು 60% ಉಳಿಯಿತು. ಎರಡನೇ ಸಲಕ್ಕೆ 36, ಮೂರನೇ ಸಲಕ್ಕೆ ಸುಮಾರು 22. ಕೊಳಕು ನೀರಿಗೆ ಒಳ್ಳೆ ನೀರು ಬೆರೆಸಿ ಸ್ನಾನ ಆಯಿತು ಅಂದಂಗೆ. ನಾನು ರಿಟರ್ನ್ ಪೈಪ್ ಬಿಚ್ಚಿ ಪೂರ್ತಿ ತೆಗೆಯುತ್ತೇನೆ.

ತಿಪಟೂರು ಕಾಯಿ:
ನಿಮ್ಮ ಲೆಕ್ಕದ ಪ್ರಕಾರವೇ 78% ಹೊಸದಾಯಿತಲ್ಲ ಸ್ವಾಮಿ? ಪೈಪ್ ಬಿಚ್ಚದೆ, ಗಾಳಿ ಸೇರದೆ, ಕ್ಲಿಪ್ ಮುರಿಯದೆ. ಉಳಿದ 22ರ ಜೊತೆ ನಮ್ಮ ಕ್ವಾಲಿಸ್ ಸುಖವಾಗಿದೆ. ಸಾಗರದವರ ಕಥೆ ಓದಿದ ಮೇಲೂ ಪೈಪ್ ಬಿಚ್ಚಿ ಅನ್ನುತ್ತೀರಲ್ಲ.

ಸಾಗರ ಸುಬ್ಬು:
ನನ್ನ ಕಥೆಯನ್ನು ನಿಮ್ಮ ವಾದಕ್ಕೆ ಸಾಕ್ಷಿ ಮಾಡಬೇಡಿ ಮಾರಾಯ್ರೆ. ಪೈಪ್ ಬಿಚ್ಚಿದ್ದು ತಪ್ಪಲ್ಲ, ಹಾಕಿದ್ದು ತಪ್ಪು.

ಜೆ.ಸಿ. ರೋಡ್ ಗಿರಾಕಿ:
‘ಎಟಿಎಫ್ ಹಾಕಿ’ ಅಂತ ಸುಮ್ನೆ ಬರೆಯಬೇಡಿ. ಇದನ್ನು ಓದಿ ಯಾರೋ ಹಸಿರು ಆಯಿಲ್ ಗಾಡಿಗೆ ಕೆಂಪು ಸುರಿಯುತ್ತಾರೆ. ನನ್ನದು ಹಳೇ ಆಕ್ಟೇವಿಯಾ. ಅದಕ್ಕೆ ಬರುವುದು ಹಸಿರು ಆಯಿಲ್, ಜಿ 002 000 ಅಂತ ನಂಬರ್. ಲೆವೆಲ್ ಕಡಿಮೆ ಇದೆ ಅಂತ ಒಬ್ಬ ‘ಎಲ್ಲಾ ಒಂದೇ ಸಾರ್’ ಅನ್ನುತ್ತಾ ಕೆಂಪು ಎಟಿಎಫ್ ಸುರಿದ. ಮಳೆಗಾಲ ಮುಗಿಯುವಷ್ಟರಲ್ಲಿ ರ್‍ಯಾಕ್ ಸೀಲ್ ಹೋಯಿತು. ಎಡಗಡೆ ತುದಿಯ ರಬ್ಬರ್ ಹೊದಿಕೆ ಹಿಸುಕಿದರೆ ಒಳಗೆ ಕಂದು ಬಣ್ಣದ ಕಲಬೆರಕೆ ಆಯಿಲ್ ಪಿಚಕ್ ಅಂತ ಬಂತು. ಶಿವಾಜಿನಗರದ ಗುಜರಿಯಲ್ಲಿ ಸೆಕೆಂಡ್ ಹ್ಯಾಂಡ್ ರ್‍ಯಾಕ್ 14,000. ಅದೂ ಲೀಕ್. ವಾಪಸ್ ತಗೊಳ್ಳಲ್ಲ ಅಂದರು. ಆಮೇಲೆ ಹಳೆಯದನ್ನೇ ರಿಪೇರಿ, 9,500. ಹಸಿರು ಆಯಿಲ್ ಎರಡು ಲೀಟರ್ 3,300. ಅಲೈನ್‌ಮೆಂಟ್ 800. ಒಟ್ಟು 27,600. ಗುಜರಿ ರ್‍ಯಾಕ್ ಇನ್ನೂ ನಮ್ಮ ಮೆಟ್ಟಿಲ ಕೆಳಗೇ ಬಿದ್ದಿದೆ, ಬೇಕಾದವರು ಬಂದು ಎತ್ತಿಕೊಂಡು ಹೋಗಿ.

ಹೊಸ ಡಬ್ಬ ಕೊಳ್ಳುವಾಗ ಮುಚ್ಚಳದ ಕೆಳಗಿನ ಸೀಲ್ ನೋಡಿ. ಡಬ್ಬ ಅಲ್ಲಾಡಿಸಿ ಕೊಡುವವನ ಹತ್ತಿರ ಕೊಳ್ಳಲೇಬೇಡಿ.

ತಿಪಟೂರು ಕಾಯಿ:
ಪ್ರಶ್ನೆ ಕೇಳಿದ್ದು ಇನ್ನೋವಾಕ್ಕೆ. ಅದರ ಮ್ಯಾನುಯಲ್‌ನಲ್ಲೇ ಡೆಕ್ಸ್‌ರಾನ್ 2 ಇಲ್ಲವೇ 3 ಅಂತ ಇದೆ. ನಿಮ್ಮ ಹಸಿರು ಗಾಡಿಯನ್ನು ಯಾರು ಕೇಳಿದರು?

ಸ್ವಿಫ್ಟ್ ಸ್ವಾಮಿ:
ಓದುತ್ತಾ ಓದುತ್ತಾ ನಗು ಬರುತ್ತಿದೆ. ನನ್ನ ಸ್ವಿಫ್ಟ್‌ಗೆ ಸ್ಟೀರಿಂಗ್ ಆಯಿಲ್ಲೇ ಇಲ್ಲ. ಮೋಟಾರ್ ಮೇಲೆ ತಿರುಗುತ್ತದೆ. ಪಂಪ್ ಇಲ್ಲ, ಪೈಪ್ ಇಲ್ಲ, ಕ್ಲಿಪ್ ಇಲ್ಲ, ಅತ್ತೆಯ ರಾಮಜಪವೂ ಇಲ್ಲ.

ಜೆ.ಸಿ. ರೋಡ್ ಗಿರಾಕಿ:
ಮೋಟಾರ್ ಕೈಕೊಟ್ಟ ದಿನ ಬನ್ನಿ, ಆವತ್ತು ನಾವೂ ನಗುತ್ತೇವೆ. ಸಿರಿಂಜ್‌ನಲ್ಲಿ ಎಳೆಯೋಕೆ ಅಲ್ಲಿ ಏನೂ ಇರಲ್ಲ, ಪೂರ್ತಿ ಸ್ಟೀರಿಂಗ್ ಕಾಲಮ್ ಬದಲಾಯಿಸಿ ಅಂತಾರೆ. ಅದೂ ಅಲ್ಲದೆ ಹೈವೇಯಲ್ಲಿ ಹೈಡ್ರಾಲಿಕ್ ಸ್ಟೀರಿಂಗ್ ಕೊಡುವ ಫೀಲ್ ಆ ಆಟಿಕೆಯಲ್ಲಿ ಎಲ್ಲಿಂದ ಬರಬೇಕು?

ಸ್ವಿಫ್ಟ್ ಸ್ವಾಮಿ:
27,600 ಕೊಟ್ಟಿದ್ದಕ್ಕೆ ಫೀಲ್ ಚೆನ್ನಾಗೇ ಆಗಿರಬೇಕು.

ಮಿಷಿಗನ್ ಮೂರ್ತಿ:
ಇಲ್ಲಿ ಎಲ್ಲರೂ ಮನೆಯ ಗ್ಯಾರೇಜಲ್ಲೇ ಮಾಡಿಕೊಳ್ಳುತ್ತಾರೆ. ನಾನು ಮಾತ್ರ ಚಳಿಗೆ ಹೆದರಿ ಹೊರಗೆ ಕೊಟ್ಟೆ. ಹಳೇ ಹೋಂಡಾ ಅಕಾರ್ಡ್. ಅದಕ್ಕೆ ಹೋಂಡಾದವರ ಸ್ವಂತ ಪವರ್ ಸ್ಟೀರಿಂಗ್ ಫ್ಲೂಯಿಡ್ಡೇ ಹಾಕಬೇಕು, ಎಟಿಎಫ್ ಹಾಕಬೇಡಿ ಅಂತ ಮ್ಯಾನುಯಲ್ ಹೇಳುತ್ತದೆ. ಆಯಿಲ್ ಬದಲಾಯಿಸುವ ಅಂಗಡಿಯವರು ‘ಎಲ್ಲಾ ಗಾಡಿಗೂ ಆಗುತ್ತದೆ’ ಅನ್ನುವ ಡಬ್ಬ ಹಾಕಿ 119 ಡಾಲರ್ ಕಿತ್ತರು. ಮೈನಸ್ 20 ಡಿಗ್ರಿ ಬೆಳಿಗ್ಗೆ ಪಂಪ್ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ಪಂಪ್ 168 ಡಾಲರ್, ಹಳೆಯದು ವಾಪಸ್ ಕೊಡುವವರೆಗೆ ಠೇವಣಿ 40. ಸರಿಯಾದ ಫ್ಲೂಯಿಡ್ ಬಾಟಲಿ 8 ಡಾಲರ್‌ಗೆ ಸಿಗುತ್ತಿತ್ತು.

ಇನ್ನೊಂದು. ತೆಗೆದ ಆಯಿಲ್ ಏನು ಮಾಡುತ್ತೀರಿ ಅಂತ ಯಾರೂ ಬರೆದಿಲ್ಲ. ಇಲ್ಲಿ ಬಿಡಿಭಾಗದ ಅಂಗಡಿಗಳಲ್ಲಿ ಪುಕ್ಕಟೆ ತಗೊಳ್ಳುತ್ತಾರೆ. ದಯವಿಟ್ಟು ಚರಂಡಿಗೆ ಸುರಿಯಬೇಡಿ.

ಕೊಪ್ಪದ ಗೌಡ:
ಚರಂಡಿಗೆ ಯಾಕೆ ಸುರಿಯುತ್ತೇವೆ, ಅಷ್ಟು ದುಡ್ಡಿದ್ದವರಲ್ಲ ನಾವು. ಇಂಜಿನ್ ಆಯಿಲ್, ಸ್ಟೀರಿಂಗ್ ಆಯಿಲ್ ಎಲ್ಲಾ ಒಂದೇ ಕ್ಯಾನಿಗೆ. ಕೊಟ್ಟಿಗೆ ಕಂಬಕ್ಕೆ, ಬೇಲಿ ಗೂಟಕ್ಕೆ ಬಳಿದರೆ ಗೆದ್ದಲು ಹತ್ತಿರ ಸುಳಿಯಲ್ಲ. ನಮ್ಮ ಅಪ್ಪನ ಕಾಲದಿಂದ ನಡೆದು ಬಂದದ್ದು.

ಮಿಷಿಗನ್ ಮೂರ್ತಿ:
ಗೌಡರೇ, ಮಳೆಗೆ ಅದು ತೊಳೆದು ನಿಮ್ಮ ಬಾವಿಗೇ ಹೋಗುತ್ತದೆ. ಭಾರತದಲ್ಲೂ 2016ರ ಅಪಾಯಕಾರಿ ತ್ಯಾಜ್ಯ ನಿಯಮ ಇದೆ. ಬಳಸಿದ ಆಯಿಲ್ ಅನುಮತಿ ಇರುವ ಮರುಬಳಕೆ ಘಟಕಕ್ಕೇ ಹೋಗಬೇಕು.

ಕೊಪ್ಪದ ಗೌಡ:
ಅಮೆರಿಕದಲ್ಲಿ ಕೂತು ನಮ್ಮ ಬಾವಿ ಚಿಂತೆ ಮಾಡಬೇಡಿ. ನಿಮ್ಮ ಘಟಕದವರು ಕೊಪ್ಪದವರೆಗೆ ಬಂದು ಅರ್ಧ ಲೀಟರ್ ತಗೊಂಡು ಹೋಗುತ್ತಾರಾ?

ಕುಂದಾಪುರದ ಅಬ್ಬು:
ಗೌಡ್ರೇ, ಗೆದ್ದಲಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯಿರಿ. ನಮ್ಮ ಅಜ್ಜಿ ಮನೆ ಮಾಡಿನ ಪಕಾಸಿಗೆ (ಛಾವಣಿ ಮರಕ್ಕೆ) ಹೊಡೆದದ್ದು ಇಂದಿಗೂ ಗಟ್ಟಿ. ಡಬ್ಬಿಗೆ 350 ಕೊಟ್ಟ ನೆನಪು.

ಕೊಪ್ಪದ ಗೌಡ:
ಗೇರೆಣ್ಣೆ ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ನಮ್ಮ ಕೆಲಸದವನ ಮುಖ ವಾರ ಪೂರ್ತಿ ಊದಿತ್ತು. ಡಾಕ್ಟರಿಗೆ 600, ಮಾತ್ರೆ ಮುಲಾಮಿಗೆ 420. ಆ ಬಿಲ್ ನೀವು ಕೊಡುತ್ತೀರಾ?

ಹುಬ್ಬಳ್ಳಿ ಪಾನಾ:
ಏನ್ರೀ ಇದು, ಸ್ಟೀರಿಂಗ್‌ನಿಂದ ಗೇರೆಣ್ಣೆಗೆ ಬಂದೀರಿ! ನಾನು ಗ್ಯಾರೇಜಿನವ. ಮೇಲಿನಿಂದ ಎಲ್ಲಾರೂ ನಮ್ಮನ್ನೇ ಬೈಯಾಕತ್ತೀರಿ. ಮನೆಯಲ್ಲಿ ಮಾಡಿಕೊಂಡು ಕೆಡಿಸಿ, ರಾತ್ರಿ ಒಂಬತ್ತಕ್ಕೆ ‘ಅಣ್ಣಾ ಸ್ವಲ್ಪ ಬರ್ತೀರಾ’ ಅಂತ ಫೋನ್ ಮಾಡುವವರ ಕಥೆ ಯಾರೂ ಬರೆಯಲ್ಲ. ಮೊನ್ನೆ ಒಬ್ಬರು ಸ್ಟೀರಿಂಗ್ ಬಾಟಲಿಗೆ ಬ್ರೇಕ್ ಆಯಿಲ್ ಸುರಿದು ಬಂದಿದ್ದರು. ‘ಎರಡೂ ಆಯಿಲ್ಲೇ ಅಲ್ವಾ’ ಅಂತೆ. ಆ ಸೀಲುಗಳು ಬ್ರೇಕ್ ಆಯಿಲ್‌ಗೆ ಮಾಡಿದ್ದಲ್ಲ, ಹಾಳಾಗಿ ಹೋಗುತ್ತವೆ. ಪಂಪ್, ರ್‍ಯಾಕ್ ಎರಡೂ ಬಿಚ್ಚಿ ಹೊಸ ಸೀಲ್ ಕಿಟ್ ಹಾಕಿದೆ. ಬಿಲ್ 13,400 ಆತು. ಅವರು 10,000 ಕೊಟ್ಟು ಹೋದರು. ಉಳಿದದ್ದು ಇನ್ನೂ ಬಂದಿಲ್ಲ.

ದಾವಣಗೆರೆಯವರೇ, ‘ಕುಂಯ್’ ಅನ್ನೋದು ಬರೀ ಹಳೇ ಆಯಿಲ್‌ದೇ ಅಂತ ಹೇಳಲಿಕ್ಕೆ ಬರಲ್ಲ. ಬಾಟಲಿ ತಳದಲ್ಲಿ ಸಣ್ಣ ಜಾಲರಿ ಇರತೈತಿ. ಅದರ ಮೇಲೆ ಕಪ್ಪು ಕೆಸರು ಕೂತರೆ ಪಂಪಿಗೆ ಆಯಿಲ್ ಸಿಗಲ್ಲ, ಕೂಗತೈತಿ. ಸಿರಿಂಜ್‌ನವರು ಮೇಲಿಂದ ಎಳೆದುಬಿಡುತ್ತಾರೆ, ಜಾಲರಿ ಹಂಗೇ ಉಳಿಯತೈತಿ. ಬಾಟಲಿ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿರಿ. ಆಯಿಲ್ ಪಂಪಿಗೆ ಹೋಗುವ ದಪ್ಪ ಪೈಪಿನ ಜಾಯಿಂಟಲ್ಲಿ ಗಾಳಿ ಎಳೆದರೂ ಅದೇ ಸದ್ದು.

ಪೈಪ್ ಬಿಚ್ಚುವುದಾದರೆ ಮುಂದಿನ ಎರಡೂ ಗಾಲಿ ನೆಲ ಬಿಟ್ಟಿರಬೇಕು. ಜ್ಯಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಡಿ. ಬಾಟಲಿ ಕಡೆಯ ತೂತು ಮುಚ್ಚಿ, ಬಿಚ್ಚಿದ ರಿಟರ್ನ್ ಪೈಪನ್ನು ಕ್ಯಾನಿಗೆ ಬಿಡಿ. ಇಂಜಿನ್ ಆಫ್ ಇದ್ದಾಗಲೇ ಒಬ್ಬರು ಈ ತುದಿಯಿಂದ ಆ ತುದಿಗೆ ತಿರುಗಿಸಲಿ, ಇನ್ನೊಬ್ಬರು ಹೊಸದು ಸುರಿಯಲಿ. ಇಂಜಿನ್ ಆನ್ ಮಾಡಿದರೆ ಕಣ್ಣು ಮಿಟುಕಿಸುವುದರೊಳಗೆ ಬಾಟಲಿ ಖಾಲಿ, ಪಂಪ್ ಒಣಗತೈತಿ. ಎಲ್ಲಾ ಜೋಡಿಸಿದ ಮೇಲೂ ಮೊದಲು ಇಂಜಿನ್ ಇಲ್ಲದೇ ನಿಧಾನಕ್ಕೆ ತಿರುಗಿಸಿ ಗಾಳಿ ಬಿಡಿಸಿ. ಆಮೇಲೆ ಸ್ಟಾರ್ಟ್. ಪೂರ್ತಿ ತುದಿಗೆ ತಿರುಗಿಸಿ ಹಿಡಿದು ನಿಲ್ಲಬೇಡಿ. ಆಯಿಲ್ ರೋಸ್ ಮಿಲ್ಕ್ ಬಣ್ಣಕ್ಕೆ ತಿರುಗಿ ನೊರೆ ಬಂದರೆ ಇಂಜಿನ್ ನಿಲ್ಲಿಸಿ, ನೊರೆ ಇಳಿಯಲು ಬಿಡಿ. ಇಂಜಿನ್ ನಿಲ್ಲಿಸಿದ ಕೂಡಲೇ ಲೆವೆಲ್ 5 ಮಿ.ಮೀ.ಗಿಂತ ಜಾಸ್ತಿ ಮೇಲೆ ಬಂದರೆ ಒಳಗೆ ಇನ್ನೂ ಗಾಳಿ ಐತಿ ಅಂತ ಲೆಕ್ಕ.

ಮೈಸೂರು ಲೆಕ್ಕಿಗ:
ನೋಡಿ, ಗ್ಯಾರೇಜಿನವರೇ ರಿಟರ್ನ್ ಪೈಪ್ ಅಂದರು.

ತಿಪಟೂರು ಕಾಯಿ:
‘ಪೈಪ್ ಬಿಚ್ಚುವುದಾದರೆ’ ಅಂದಿದ್ದಾರೆ. ಕನ್ನಡ ಓದಲು ಬರುತ್ತದಲ್ಲ?

ಸಾಗರ ಸುಬ್ಬು:
ಪಾನಾ ಅವರೇ, ಅಷ್ಟೆಲ್ಲ ಬರೆದಿರಿ, ಕ್ಲಿಪ್ ಬಗ್ಗೆ ಒಂದು ಮಾತಿಲ್ಲ. ನಿಮ್ಮವರ ಮೇಲೆ ಬಂದಾಗ ಹಾಗೇ.

ಹುಬ್ಬಳ್ಳಿ ಪಾನಾ:
ಸುಬ್ಬು ಅವರೇ, ನಿಮ್ಮ ಕ್ಲಿಪ್ ಹಾಕಿದವ ನಾನಲ್ಲ. ಆದರೂ ಬರೀತೀನಿ: ಹಳೇ ಸ್ಪ್ರಿಂಗ್ ಕ್ಲಿಪ್ ಸಡಿಲ ಇದ್ದರೆ ಬಿಸಾಕಿ ಹೊಸದು ಹಾಕಿರಿ. ಅದು ಮೊದಲು ಕೂತಿದ್ದ ಗುರುತು ಪೈಪಿನ ಮೇಲೆ ಇರತೈತಿ, ಅಲ್ಲೇ ಕೂರಬೇಕು. ಗಾಡಿ ಓಡಿಸಿ ಬಂದ ಮೇಲೆ ಅಲ್ಲಿ ಬೆರಳು ಆಡಿಸಿ ನೋಡಿರಿ, ಒದ್ದೆ ಇರಬಾರದು. ಸಮಾಧಾನ ಆತಾ?

ದಾವಣಗೆರೆ ಬೆಣ್ಣೆ:
ಎಲ್ಲರಿಗೂ ಧನ್ಯವಾದ. ಬಾಟಲಿ ಬಿಚ್ಚಿ ನೋಡಿದೆ. ಜಾಲರಿಯ ಮುಕ್ಕಾಲು ಭಾಗ ಕಪ್ಪು ಮುಚ್ಚಿತ್ತು, ಬೆರಳಲ್ಲಿ ಒರೆಸಿದರೆ ಕಾಡಿಗೆ ಥರ ಬಂತು. ತೊಳೆದು ಹಾಕಿದೆ. ಬಾಟಲಿ ಬಿಚ್ಚುವಾಗ ಹೇಗಿದ್ದರೂ ಪೈಪ್ ಬಿಚ್ಚಲೇಬೇಕಾಯಿತು, ಹಾಗಾಗಿ ಅದರಲ್ಲೇ ಹಳೆಯದನ್ನು ತೆಗೆದೆ. ಡೆಕ್ಸ್‌ರಾನ್ 3 ಎರಡು ಲೀಟರ್ 1,020, ಹೊಸ ಕ್ಲಿಪ್ ಎರಡು 50, ಪೆಟ್ರೋಲ್ 100. ಸ್ಟ್ಯಾಂಡ್ ಪಕ್ಕದ ಮನೆಯವರದು. ‘ಕುಂಯ್’ ತುಂಬಾ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಹಳೇ ಆಯಿಲ್ ಕ್ಯಾನಲ್ಲಿ ಇಟ್ಟಿದ್ದೇನೆ.

ಹುಬ್ಬಳ್ಳಿ ಪಾನಾ:
ಇನ್ನೂ ಗಾಳಿ ಇರಬೇಕು. ನಾಳೆ ಬೆಳಿಗ್ಗೆ ತಣ್ಣಗಿದ್ದಾಗ ಬಾಟಲಿ ಮೇಲಿನ ಕೋಲ್ಡ್ ಗೆರೆಗೆ ಲೆವೆಲ್ ನೋಡಿ ಹೇಳಿರಿ.

ಕೊಪ್ಪದ ಗೌಡ:
ಆ ಕ್ಯಾನ್ ಬೇಡದಿದ್ದರೆ ನಮ್ಮ ಕಡೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿ.

ಮಿಷಿಗನ್ ಮೂರ್ತಿ:
ಕೊಡಬೇಡಿ!