‘ಜುಡಿಷಿಯಲ್ ರಿವ್ಯೂ’ಗೆ ‘ಮೇಲ್ಮನವಿ’ ಸರಿಯೇ? ದುಭಾಷಿಯ ತಪ್ಪಿನ ಪ್ರಕರಣಗಳ ಬಗ್ಗೆ

ಗೆಳೆಯರೇ,

ಕೆನಡಾದಲ್ಲಿ ಆಶ್ರಯ ಕೇಳಿ ಹೋದವರ ಅರ್ಜಿಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡ್ತಾ ಇದ್ದೇನೆ. ಎರಡು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಜುಡಿಷಿಯಲ್ ರಿವ್ಯೂ’. ಸುಮ್ನೆ ‘ಮೇಲ್ಮನವಿ’ ಎಂದು ಬರೆದರೆ ದಾರಿ ತಪ್ಪುತ್ತದೆ. ಅಲ್ಲಿನ ವಲಸೆ ಮತ್ತು ನಿರಾಶ್ರಿತರ ಮಂಡಳಿ ಅರ್ಜಿ ತಿರಸ್ಕರಿಸಿದರೆ, ಹೆಚ್ಚಿನವರಿಗೆ ಆ ಮಂಡಳಿಯಲ್ಲೇ ಮೇಲ್ಮನವಿ ವಿಭಾಗ ಇದೆ. ಅಲ್ಲೂ ಸೋತರೆ ಫೆಡರಲ್ ಕೋರ್ಟು, ಅಲ್ಲಿ ನಡೆಯುವುದೇ ‘ಜುಡಿಷಿಯಲ್ ರಿವ್ಯೂ’, ಅದಕ್ಕೂ ಮೊದಲು ಆ ಕೋರ್ಟಿನ ಅನುಮತಿ ಸಿಗಬೇಕು. ಈ ಕೋರ್ಟು ಸಾಮಾನ್ಯವಾಗಿ ತಾನೇ ಆಶ್ರಯ ಕೊಡುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತೇ, ತೀರ್ಮಾನಕ್ಕೆ ಕೊಟ್ಟ ಕಾರಣ ಒಪ್ಪುವಂಥದ್ದೇ ಎಂದು ನೋಡಿ, ಇಲ್ಲವಾದರೆ ರದ್ದು ಮಾಡಿ ಮತ್ತೆ ಕೇಳಿ ಅಂತ ವಾಪಸ್ ಕಳಿಸುತ್ತದೆ. ‘ಮೇಲ್ಮನವಿ ಗೆದ್ದರು’ ಎಂದು ಓದಿದವರು ಆಶ್ರಯವೇ ಸಿಕ್ಕಿತು ಅಂದುಕೊಳ್ಳುತ್ತಾರೆ, ಅಲ್ವಾ? ‘ಮರುಪರಿಶೀಲನೆ’ಯೂ ಬೇಡ, ನಮ್ಮಲ್ಲಿ ಅದು ಸುಪ್ರೀಂ ಕೋರ್ಟು ತನ್ನದೇ ತೀರ್ಪನ್ನು ಮತ್ತೆ ನೋಡುವುದಕ್ಕೆ ಬಳಕೆಯಲ್ಲಿದೆ. ‘ನ್ಯಾಯಿಕ ವಿಮರ್ಶೆ’ ಎಂದರೆ ಕಾನೂನು ಓದದವರಿಗೆ ಏನೂ ಹೊಳೆಯುವುದಿಲ್ಲ. ನನ್ನ ಒಲವು ‘ಕೋರ್ಟಿನ ಪರಾಮರ್ಶೆ’ ಕಡೆಗೆ.

ಎರಡನೆಯದು ‘ಕಂಟೆಂಪರೇನಿಯಸ್’, ದುಭಾಷಿಯ ಕೆಲಸಕ್ಕೆ ಸಂಬಂಧಿಸಿದ್ದು. ‘ಅನುವಾದಕ’ ಎಂದರೆ ಕಾಗದ ಮುಂದಿಟ್ಟುಕೊಂಡು ಬರೆಯುವವರು, ಇಲ್ಲಿ ಎದುರಿಗೆ ಕೂತು ಬಾಯಲ್ಲೇ ಹೇಳಬೇಕು. ತಪ್ಪು ಎಲ್ಲಿ ಆಗುತ್ತದೆ ನೋಡಿ. ಶ್ರೀಲಂಕಾದ ತಮಿಳರೊಬ್ಬರು ಫಾರಂನಲ್ಲಿ ತನಗೆ ಅಣ್ಣತಮ್ಮಂದಿರಿಲ್ಲ ಎಂದು ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ವಿಚಾರಣೆಯಲ್ಲಿ ‘ಅಣ್ಣನ ಜೊತೆ ಓಡಿಹೋದೆ’ ಅನ್ನುತ್ತಾರೆ. ದೊಡ್ಡಪ್ಪನ ಮಗನೂ ಅಣ್ಣನೇ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ದುಭಾಷಿ ‘ಬ್ರದರ್’ ಅಂದರೆ ಸಾಕು, ಇವರ ಮಾತು ಒಂದಕ್ಕೊಂದು ಹೊಂದುವುದಿಲ್ಲ, ನಂಬುವಂತಿಲ್ಲ ಎಂದು ಅರ್ಜಿ ಬಿದ್ದುಹೋಗಬಹುದು. ಒಬ್ಬರ ಜೀವದ ಪ್ರಶ್ನೆ ಇದು.

ದುಭಾಷಿ ಹೇಗಿರಬೇಕು ಎಂಬುದಕ್ಕೆ ಕೆನಡಾದ ಸುಪ್ರೀಂ ಕೋರ್ಟು 1994ರಲ್ಲಿ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಅಳತೆಗೋಲು ಹಾಕಿತು. ಅಲ್ಲಿ ದುಭಾಷಿಯೇ ಸಾಕ್ಷಿ ಹೇಳಿ, ಆರೋಪಿಗೆ ಅದರ ಸಾರಾಂಶ ಮಾತ್ರ ತಿಳಿಸಿದ್ದರು. 2001ರಲ್ಲಿ ಫೆಡರಲ್ ಅಪೀಲು ಕೋರ್ಟು ಅದೇ ಅಳತೆಗೋಲನ್ನು ನಿರಾಶ್ರಿತರ ವಿಚಾರಣೆಗೂ ಅನ್ವಯಿಸಿತು. ತಪ್ಪಿನಿಂದ ನಷ್ಟವಾಯಿತು ಎಂದು ಬೇರೆಯಾಗಿ ತೋರಿಸಬೇಕಿಲ್ಲ, ಆದರೆ ಗೊತ್ತಾದ ಮೊದಲ ಅವಕಾಶದಲ್ಲೇ ಆಕ್ಷೇಪ ಎತ್ತಬೇಕು ಎಂದೂ ಹೇಳಿತು. ಇಂಗ್ಲಿಷೇ ಬಾರದವರಿಗೆ ತಮ್ಮ ಮಾತು ಆ ಕಡೆ ಏನಾಗಿ ಹೋಯಿತು ಎಂದು ಹೇಗೆ ಗೊತ್ತಾಗಬೇಕು? ಎಷ್ಟೋ ಜನಕ್ಕೆ ಅದು ತಿಳಿಯುವುದು ಆಮೇಲೆ ಭಾಷೆ ಬಲ್ಲವರು ರೆಕಾರ್ಡಿಂಗ್ ಕೇಳಿದಾಗಲೇ.

ಅಳತೆಗಳು ಐದು. ಎಡೆಬಿಡದೆ, ನಿಖರವಾಗಿ, ಬಲ್ಲವರಿಂದ, ಪಕ್ಷಪಾತವಿಲ್ಲದೆ ಎಂಬ ನಾಲ್ಕು ಸಲೀಸಾಗಿ ಕನ್ನಡಕ್ಕೆ ಬಂದವು. ಐದನೆಯದು ‘ಕಂಟೆಂಪರೇನಿಯಸ್’. ‘ಏಕಕಾಲಕ್ಕೆ’ ಎಂದರೆ ತಪ್ಪು, ಒಬ್ಬರು ನಿಲ್ಲಿಸಿದ ಮೇಲೆ ಇನ್ನೊಬ್ಬರು ಹೇಳಿದರೂ ನಡೆಯುತ್ತದೆ, ಕೊನೆಗೆ ಒಟ್ಟಾಗಿ ಹೇಳಬಾರದು ಅಷ್ಟೇ. ‘ಆಗಿಂದಾಗಲೇ’ ಸಾಕೇ? ಕೋರ್ಟಿನಲ್ಲಿ ದುಭಾಷಿ ಕೆಲಸ ಮಾಡಿದವರು ಯಾರಾದರೂ ಇದ್ದರೆ, ನಿಮ್ಮ ಬಳಕೆಯ ಮಾತು ತಿಳಿಸಿ.