ಸಹಾಯ ಬೇಕು: ಅಜ್ಜಿಯ ಕೋಣೆಗೆ ಸಣ್ಣ ಸೌದೆ ಒಲೆ

ನಮ್ಮ ಮನೆ ಮಡಿಕೇರಿ ಹತ್ತಿರ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ಮಂಜು, ಗೋಡೆಯೆಲ್ಲ ತೇವ. 82 ವರ್ಷದ ಅಜ್ಜಿಯ ಕೋಣೆಯೊಂದನ್ನು ಬೆಚ್ಚಗಿಡಬೇಕು. 10 ಅಡಿ ಅಗಲ, 12 ಅಡಿ ಉದ್ದ, ಮೇಲೆ ಮಂಗಳೂರು ಹೆಂಚು. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಹಾಗಾಗಿ ಹೀಟರ್ ಬೇಡ.

ಇಷ್ಟು ವರ್ಷ ಬಾಣಲೆಯಲ್ಲಿ ಕೆಂಡ ಇಡುತ್ತಿದ್ದೆವು. ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ನಿದ್ದೆಯಲ್ಲೇ ಜೀವ ಹೋಗಬಹುದು. ಅದು ತಿಳಿದ ದಿನವೇ ನಿಲ್ಲಿಸಿದೆವು.

ಈಗ ಹೊಗೆ ಕೊಳವೆ ಇರುವ ಕಬ್ಬಿಣದ ಒಲೆ ನೋಡುತ್ತಿದ್ದೇವೆ. ತೋಟದ ಸಿಲ್ವರ್ ಓಕ್ ಸೌದೆ ಒಣಗಿಸಿ ಇಟ್ಟಿದ್ದೇವೆ. 3 ಕಿಲೋವ್ಯಾಟ್ ಶಾಖ ಕೊಡುವ ಒಲೆ ಸಾಕಲ್ವಾ? ಜಾಸ್ತಿ ದೊಡ್ಡದು ತಂದರೆ ಗಾಳಿ ಕಮ್ಮಿ ಮಾಡಿ ಉರಿಸಬೇಕು, ಕೊಳವೆಯಲ್ಲಿ ಮಸಿ ಕಟ್ಟುತ್ತದೆ.

ಹೆಂಚಿನ ಮಾಡಿನಿಂದ ಕೊಳವೆ ಹೊರಗೆ ತೆಗೆದವರು ಯಾರಾದರೂ ಇದ್ದೀರಾ? ನೀರು ಸೋರದಂತೆ, ಮರದ ಪಕಾಸು ಕಾಯದಂತೆ ಹೇಗೆ ಮಾಡಿದಿರಿ? ದಯವಿಟ್ಟು ಫೋಟೋ ಹಾಕಿ.